ಯಕೃತ್ತಿನ ಕೊಬ್ಬು, ಹಾರ್ಮೋನುಗಳು ಮತ್ತು ಗ್ರಾಮ ಪಂಚಾಯತಿ
(ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಹಳ್ಳಿಗಳಲ್ಲಿ ಯಕೃತ್ತು ನೆನಪಾಗುವುದು ಸಾಮಾನ್ಯವಾಗಿ ಎರಡೇ ಸಂದರ್ಭಗಳಲ್ಲಿ: ಕಾಮಣಿ ಬಂದಾಗ, ಇಲ್ಲವೇ ಮದ್ಯವ್ಯಸನಿಯ ಹೊಟ್ಟೆಯಲ್ಲಿ ನೀರು ತುಂಬಿದಾಗ. ಆದ್ದರಿಂದಲೇ ಮದ್ಯವನ್ನು ಎಂದೂ ಮುಟ್ಟದ ಗೃಹಿಣಿಯ ಸ್ಕ್ಯಾನಿಂಗ್ ವರದಿಯಲ್ಲಿ ‘ಫ್ಯಾಟಿ ಲಿವರ್’ ಎಂದಿದ್ದರೆ, ಆಕೆ ಆ ಕಾಗದವನ್ನು ಯಾರಿಗೂ ತೋರಿಸದೆ ಮಡಚಿಡುವ ಸಂಭವವಿದೆ. ಮರೆಮಾಚಬೇಕಾದ ಕಾಯಿಲೆ ಇದಲ್ಲ.

ವಯಸ್ಕರಲ್ಲಿ ಸುಮಾರು ಒಂದೂವರೆ ಕಿಲೋ ತೂಗುವ ಈ ಅಂಗ ಪಿತ್ತರಸವನ್ನು ಮಾತ್ರ ಸ್ರವಿಸುವುದಿಲ್ಲ. ಹಾರ್ಮೋನುಗಳ ಆಜ್ಞೆಯನ್ನು ಮೊದಲು ಕೇಳುವುದೂ ಇದೇ. ಮೇದೋಜೀರಕ ಗ್ರಂಥಿಯಿಂದ ಹೊರಟ ಇನ್ಸುಲಿನ್ ಯಕೃತ್ತನ್ನು ಹಾಯ್ದೇ ದೇಹದ ಉಳಿದ ಭಾಗಗಳಿಗೆ ತಲುಪುತ್ತದೆ. ಅದರಲ್ಲಿ ಸುಮಾರು ಅರ್ಧದಷ್ಟು ಅಲ್ಲಿಯೇ ತೆರವಾಗುತ್ತದೆ. ಸುಗ್ಗಿಯಲ್ಲಿ ಜೋಳವನ್ನು ಹಗೇವಿಗೆ ಸುರಿದು ಬೇಕಾದಾಗ ತೆಗೆಯುವಂತೆ, ಊಟದ ನಂತರ ಇನ್ಸುಲಿನ್ ಸೂಚನೆಯಂತೆ ಯಕೃತ್ತು ಸಕ್ಕರೆಯನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಡುತ್ತದೆ. ರಾತ್ರಿ ಹೊಟ್ಟೆ ಬರಿದಾದಾಗ ಗ್ಲೂಕಗಾನ್ ಎಂಬ ಹಾರ್ಮೋನು ಹಗೇವಿನ ಬಾಯಿ ತೆರೆಯಿಸುತ್ತದೆ.

ಯಕೃತ್ತಿನಲ್ಲಿ ಕೊಬ್ಬು ಶೇ. 5ಕ್ಕಿಂತ ಹೆಚ್ಚಾದರೆ ಅದನ್ನು ಕಾಯಿಲೆಯೆಂದು ಪರಿಗಣಿಸಲಾಗುತ್ತದೆ. ಆಗ ಇನ್ಸುಲಿನ್ನಿನ ಮಾತು ಅಲ್ಲಿ ಸರಿಯಾಗಿ ನಡೆಯುವುದಿಲ್ಲ. ರಕ್ತದಲ್ಲಿ ಸಕ್ಕರೆ ಸಾಕಷ್ಟಿದ್ದರೂ ಹಗೇವಿನ ಬಾಯಿ ಮುಚ್ಚುವುದಿಲ್ಲ. ರಾತ್ರಿಯಿಡೀ ಏನೂ ತಿನ್ನದಿದ್ದರೂ ಬೆಳಗಿನ ಪರೀಕ್ಷೆಯಲ್ಲಿ ಸಕ್ಕರೆ ಹೆಚ್ಚು ಕಾಣುವುದಕ್ಕೆ ಇದೊಂದು ಮುಖ್ಯ ಕಾರಣ. ಆಜ್ಞೆ ನಡೆಯದಾದಾಗ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಕಳುಹಿಸುತ್ತದೆ. ವಿಚಿತ್ರವೆಂದರೆ, ಸಕ್ಕರೆ ನಿಲ್ಲಿಸು ಎಂಬ ಆಜ್ಞೆಯನ್ನು ಮೀರುವ ಯಕೃತ್ತು ಕೊಬ್ಬು ತಯಾರಿಸು ಎಂಬುದನ್ನು ಮಾತ್ರ ಪಾಲಿಸುತ್ತಲೇ ಇರುತ್ತದೆ. ವರ್ಷಗಟ್ಟಲೆ ನೋವೇ ಇರುವುದಿಲ್ಲ.

ಕೊರತೆಯ ಕಡೆಯಿಂದಲೂ ಇದನ್ನು ನೋಡಬೇಕು. ಮಗುವಿನ ಬೆಳವಣಿಗೆಯ ಹಾರ್ಮೋನು ಮಿದುಳಿನ ಬುಡದ ಗ್ರಂಥಿಯಿಂದ ಬಂದರೂ, ಅದರ ಕಾರ್ಯವನ್ನು ಮೂಳೆಗೆ ಮುಟ್ಟಿಸುವ ಐಜಿಎಫ್-1 ಎಂಬ ಅಂಶ ಬಹುಪಾಲು ಯಕೃತ್ತಿನಲ್ಲಿಯೇ ಉತ್ಪತ್ತಿಯಾಗುತ್ತದೆ. ಆಹಾರ ಸಾಲದಿದ್ದರೆ ಅದು ಕುಗ್ಗುತ್ತದೆ. ಅಂಗನವಾಡಿಯ ಮೊಟ್ಟೆ, ಬೇಳೆಯ ಲೆಕ್ಕ ಈ ಅಂಗಕ್ಕೂ ಸಂಬಂಧಿಸಿದ್ದು.

ಕಬ್ಬು ಬೆಳೆಯುವ ಜಿಲ್ಲೆಯಲ್ಲಿ ಹೇಳಲು ಕಹಿಯಾದರೂ ಹೇಳಲೇಬೇಕು: ಬೆಲ್ಲವೂ ಹೆಚ್ಚಿನ ಪಾಲು ಸಕ್ಕರೆಯೇ. ಅದರಲ್ಲಿನ ಫ್ರಕ್ಟೋಸ್‌ನ ಹೆಚ್ಚಿನ ಭಾರವನ್ನು ಹೊರುವುದು ಯಕೃತ್ತು. ಚಹಾದ ಸಕ್ಕರೆ, ಬಾಟಲಿಯ ತಂಪು ಪಾನೀಯಗಳಿಗೂ ಇದೇ ಮಾತು. ಜೋಳದ ರೊಟ್ಟಿ, ತೊಗರಿ ಬೇಳೆ, ಸೊಪ್ಪಿನ ಊಟ ಹಿತವಾದುದು, ಮಿತಿಯಲ್ಲಿದ್ದರೆ. ತೂಕ ಹೆಚ್ಚಿರುವವರು ಅದರಲ್ಲಿ ಶೇ. 7ರಿಂದ 10ರಷ್ಟು ಇಳಿಸಿದರೆ ಯಕೃತ್ತಿನ ಕೊಬ್ಬು ಕರಗತೊಡಗುತ್ತದೆ. 70 ಕಿಲೋ ತೂಗುವವರಿಗೆ ಇದು ಸುಮಾರು 5ರಿಂದ 7 ಕಿಲೋ.

ಕೇಂದ್ರ ಸರ್ಕಾರವು 2021ರ ಫೆಬ್ರವರಿಯಲ್ಲಿ ಈ ಕಾಯಿಲೆಯನ್ನು ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿದೆ. 30 ವರ್ಷ ಮೇಲ್ಪಟ್ಟವರ ಮಾಹಿತಿ ಪಡೆಯುವಾಗ ಆಶಾ ಕಾರ್ಯಕರ್ತೆಯರು ಸೊಂಟದ ಸುತ್ತಳತೆಯನ್ನೂ ದಾಖಲಿಸುತ್ತಾರೆ. ಪುರುಷರಲ್ಲಿ 90, ಮಹಿಳೆಯರಲ್ಲಿ 80 ಸೆಂಟಿಮೀಟರ್ ದಾಟಿದರೆ ಎಚ್ಚರಿಕೆ ಅಗತ್ಯ. ವಯಸ್ಸು, ಯಕೃತ್ತಿನ ಎರಡು ಕಿಣ್ವಗಳು ಹಾಗೂ ಪ್ಲೇಟ್‌ಲೆಟ್ ಸಂಖ್ಯೆಯಿಂದ ಯಕೃತ್ತು ಗಟ್ಟಿಯಾಗಿರುವ ಅಪಾಯವನ್ನು ವೈದ್ಯರು ಲೆಕ್ಕ ಹಾಕಬಲ್ಲರು. ಶಂಕೆಯಿದ್ದವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಭಾಲ್ಕಿ, ಔರಾದಿನಂತಹ ತಾಲ್ಲೂಕು ಆಸ್ಪತ್ರೆಗೂ, ಅಗತ್ಯಬಿದ್ದರೆ ಬೀದರ ನಗರಕ್ಕೂ ಕಳುಹಿಸತಕ್ಕದ್ದು.

ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಮುಂದಿನ ಸಭೆಯಲ್ಲಿ ಎಷ್ಟು ಮನೆಗಳ ಅಳತೆ ಮುಗಿದಿದೆ, ಕಳುಹಿಸಿದವರಲ್ಲಿ ಎಷ್ಟು ಮಂದಿ ನಿಜವಾಗಿ ಆಸ್ಪತ್ರೆ ತಲುಪಿದರು ಎಂಬುದನ್ನು ಸದಸ್ಯರು ಕೇಳಬೇಕು. ಅಳತೆಯ ಟೇಪು ಮೊದಲು ಸದಸ್ಯರ ಸೊಂಟಕ್ಕೇ ಬೀಳಲಿ. ಜನರ ಸಂಕೋಚ ಬಿಡಿಸಲು ಅದಕ್ಕಿಂತ ಸುಲಭ ದಾರಿಯಿಲ್ಲ. ಸಭೆಯಲ್ಲಿ ಸಂಖ್ಯೆಗಳನ್ನು ಮಾತ್ರ ಓದತಕ್ಕದ್ದು, ಯಾರ ಹೆಸರನ್ನೂ ಓದಬಾರದು.