ಏಕಾಂತವಲ್ಲ, ಒಂಟಿತನ: ಎರಡು ಕಡಲ ನಗರಗಳು ಕಲಿಸಿದ ಪಾಠ



ಕನ್ನಡದಲ್ಲಿ ಏಕಾಂತ ಬೇರೆ, ಒಂಟಿತನ ಬೇರೆ. ಏಕಾಂತವನ್ನು ಮನುಷ್ಯ ತಾನಾಗಿ ಅರಸಿ ಹೋಗುತ್ತಾನೆ. ಒಂಟಿತನ ಅವನನ್ನು ಅರಸಿಕೊಂಡು ಬರುತ್ತದೆ. ಕನ್ನಡದ ಅನುಭಾವಿಗಳೂ ಕವಿಗಳೂ ಏಕಾಂತಕ್ಕೆ ಗೌರವದ ಸ್ಥಾನ ಕೊಟ್ಟಿದ್ದಾರೆ. ಒಂಟಿತನಕ್ಕೆ ಆ ಭಾಗ್ಯವಿಲ್ಲ. ಅದನ್ನು ಬಾಯಿಬಿಟ್ಟು ಹೇಳುವುದೇ ನಾಚಿಕೆಯ ಸಂಗತಿ ಎಂಬ ಭಾವನೆ ಇಂದಿಗೂ ಉಳಿದಿದೆ. 2020ರ ಮಾರ್ಚ್‌ನಲ್ಲಿ ಕೋವಿಡ್ ಸೋಂಕನ್ನು ತಡೆಯಲು ಸರ್ಕಾರಗಳು ಮನೆಯ ಬಾಗಿಲು ಹಾಕಿಸಿದಾಗ, ಓದಲು, ಬರೆಯಲು, ಧ್ಯಾನಿಸಲು ಏಕಾಂತ ಒದಗಿತು ಎಂದು ಕೆಲವರು ಸಮಾಧಾನಪಟ್ಟರು. ತಿಂಗಳುಗಳು ಉರುಳಿದಂತೆ ಬಹಳ ಮನೆಗಳಲ್ಲಿ ಉಳಿದದ್ದು ಒಂಟಿತನ ಮಾತ್ರ. ಆ ಒಂಟಿತನ ವ್ಯಕ್ತಿಯ ದೌರ್ಬಲ್ಯವೇ, ಅಥವಾ ಕಾನೂನು, ಕೂಲಿ, ವೀಸಾ, ಬಾಡಿಗೆಗಳು ಕೂಡಿ ಜನರ ಮೇಲೆ ಅಸಮವಾಗಿ ಹೊರಿಸಿದ ಹೊರೆಯೇ ಎಂಬುದು ಇಂದಿನ ಉಪನ್ಯಾಸದ ಪ್ರಶ್ನೆ.

ಈ ಪ್ರಶ್ನೆಯನ್ನು ವಿಚಾರಿಸಲು ಲಾಸ್ ಏಂಜಲೀಸ್ ಮತ್ತು ಸ್ಯಾನ್ ಡಿಯಾಗೋ ತಕ್ಕ ನಗರಗಳು. ಅವುಗಳ ನಡುವಿನ ಅಂತರ ಸುಮಾರು 190 ಕಿಲೋಮೀಟರ್. ಒಂಟಿತನವನ್ನು ಅಳೆಯಲು ಜಗತ್ತಿನ ಸಂಶೋಧಕರು ಅತಿ ಹೆಚ್ಚು ಬಳಸುವ ಮಾಪನಗಳಲ್ಲಿ ಒಂದು ಹುಟ್ಟಿದ್ದು ಲಾಸ್ ಏಂಜಲೀಸಿನಲ್ಲಿ. ಅಲ್ಲಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ (ಯು.ಸಿ.ಎಲ್.ಎ.) ಡ್ಯಾನ್ ರಸೆಲ್, ಲೆಟೀಷಿಯಾ ಪೆಪ್ಲೌ ಮತ್ತು ಸಂಗಡಿಗರು 1978ರಲ್ಲಿ 20 ಹೇಳಿಕೆಗಳ ಈ ಮಾಪನವನ್ನು ಪ್ರಕಟಿಸಿದರು. ದೊಡ್ಡ ಸಮೀಕ್ಷೆಗಳಿಗೆ ಅನುಕೂಲವಾಗಲೆಂದು 2004ರಲ್ಲಿ ಇದರ ಮೂರು ಪ್ರಶ್ನೆಗಳ ಕಿರುರೂಪವೊಂದು ಬಂತು. ಜೊತೆಗಾರರಿಲ್ಲವೆಂದು ಎಷ್ಟು ಬಾರಿ ಅನಿಸುತ್ತದೆ, ತನ್ನನ್ನು ಹೊರಗಿಟ್ಟಿದ್ದಾರೆಂದು ಎಷ್ಟು ಬಾರಿ ಅನಿಸುತ್ತದೆ, ಇತರರಿಂದ ಬೇರ್ಪಟ್ಟಿರುವೆನೆಂದು ಎಷ್ಟು ಬಾರಿ ಅನಿಸುತ್ತದೆ ಎಂಬುವು ಆ ಮೂರು. ಇವುಗಳಲ್ಲಿ ‘ಒಂಟಿತನ’ ಎಂಬ ಪದವೇ ಇಲ್ಲದಿರುವುದು ಗಮನಾರ್ಹ. ನೇರವಾಗಿ ಕೇಳಿದರೆ ಜನ ಒಪ್ಪಿಕೊಳ್ಳಲು ಹಿಂಜರಿಯುತ್ತಾರೆ. ಸುತ್ತಿ ಬಳಸಿ ಕೇಳಿದರೆ ನಿಜ ಹೊರಬರುತ್ತದೆ.

ಇದೇ ಮಾಪನವನ್ನು ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ತಮ್ಮ ಊರಿನವರ ಮೇಲೆ ಪ್ರಯೋಗಿಸಿದರು. ಆ ತಂಡದ ಹಿರಿಯರು ಮಹಾರಾಷ್ಟ್ರ ಮೂಲದ ಮನೋವೈದ್ಯ ದಿಲೀಪ್ ಜೆಸ್ಟೆ. 2018ರ ಕೊನೆಯಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ 27ರಿಂದ 101 ವರ್ಷ ವಯಸ್ಸಿನ 340 ಮಂದಿ ಭಾಗವಹಿಸಿದ್ದರು. ಅವರು ಗಂಭೀರ ಕಾಯಿಲೆಯಿಂದ ನರಳುತ್ತಿದ್ದವರಲ್ಲ. ಆದರೂ ಅವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಮಧ್ಯಮದಿಂದ ತೀವ್ರ ಮಟ್ಟದ ಒಂಟಿತನವನ್ನು ಅನುಭವಿಸುತ್ತಿದ್ದರು. ಇಪ್ಪತ್ತರ ಹರೆಯದ ಕೊನೆ, ಐವತ್ತರ ನಡುಭಾಗ, ಎಂಬತ್ತರ ಕೊನೆ ಎಂಬ ಮೂರು ಘಟ್ಟಗಳಲ್ಲಿ ಅದು ಹೆಚ್ಚಾಗಿ ಕಂಡಿತು. ವಿವೇಕ ಹೆಚ್ಚಿದ್ದವರಲ್ಲಿ ಅದು ಕಡಿಮೆಯಿತ್ತು. ಈ ಸಂಶೋಧಕರ ಪರಿಭಾಷೆಯಲ್ಲಿ ಪರರ ಬಗೆಗಿನ ಅನುಕಂಪವೂ ವಿವೇಕದ ಒಂದು ಅಂಗ. ಅಂದರೆ ಬೀಗ ಬೀಳುವ ಮೊದಲೇ ಮನೆಯೊಳಗೆ ಒಂಟಿತನವಿತ್ತು.

2020ರ ಮಾರ್ಚ್ 19ರಂದು ಗವರ್ನರ್ ಗ್ಯಾವಿನ್ ನ್ಯೂಸಮ್ ಇಡೀ ಕ್ಯಾಲಿಫೋರ್ನಿಯಾಕ್ಕೆ ಅನ್ವಯಿಸುವಂತೆ ಮನೆಯಲ್ಲೇ ಇರುವ ಆಜ್ಞೆ ಹೊರಡಿಸಿದರು. ಅಮೆರಿಕದಲ್ಲಿ ಇಡೀ ರಾಜ್ಯಕ್ಕೆ ಇಂಥ ಆಜ್ಞೆ ಬಂದದ್ದು ಅದೇ ಮೊದಲು. ಗುಡಿ, ಚರ್ಚು, ಗ್ರಂಥಾಲಯ, ಶಾಲೆ, ಸಭಾಭವನಗಳು ಮುಚ್ಚಿದವು. ಕಡಲ ತೀರಗಳಿಗೂ ಬೇಲಿ ಬಿತ್ತು. ಲಾಸ್ ಏಂಜಲೀಸ್ ಕೌಂಟಿಯ ತೀರಗಳು ಮತ್ತೆ ತೆರೆದದ್ದು ಮೇ 13ರಂದು. ಸೋಂಕನ್ನು ತಡೆಯಲು ಇದು ಅಗತ್ಯವಾಗಿತ್ತು ಎಂಬುದರಲ್ಲಿ ವಿವಾದವಿಲ್ಲ. ಆದರೆ ಅಗತ್ಯವಾದ ಕ್ರಮಕ್ಕೂ ಬೆಲೆಯಿರುತ್ತದೆ. ಆ ಬೆಲೆಯನ್ನು ಯಾರು ತೆತ್ತರೆಂದು ಕೇಳುವುದು ಪ್ರಜಾಪ್ರಭುತ್ವದ ಕರ್ತವ್ಯ.

ಅಮೆರಿಕದ ರೋಗ ನಿಯಂತ್ರಣ ಕೇಂದ್ರ (ಸಿ.ಡಿ.ಸಿ.) 2020ರ ಆಗಸ್ಟ್‌ನಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದು ಈ ಪ್ರಶ್ನೆಗೆ ಭಾಗಶಃ ಉತ್ತರ ಕೊಡುತ್ತದೆ. ಜೂನ್ ತಿಂಗಳ ಕೊನೆಯ ವಾರದಲ್ಲಿ ದೇಶದಾದ್ಯಂತ 5,412 ವಯಸ್ಕರನ್ನು ಪ್ರಶ್ನಿಸಿದಾಗ ಶೇ. 40.9ರಷ್ಟು ಮಂದಿ ಆತಂಕ, ಖಿನ್ನತೆ, ಆಘಾತದ ಲಕ್ಷಣ, ಮಾದಕ ವಸ್ತುಗಳ ಹೆಚ್ಚಿದ ಬಳಕೆ, ಆತ್ಮಹತ್ಯೆಯ ಆಲೋಚನೆ ಇವುಗಳಲ್ಲಿ ಒಂದಾದರೂ ತಮಗಿದೆ ಎಂದರು. ಹಿಂದಿನ ಮೂವತ್ತು ದಿನಗಳಲ್ಲಿ ಆತ್ಮಹತ್ಯೆಯನ್ನು ಗಂಭೀರವಾಗಿ ಯೋಚಿಸಿದ್ದವರು ಒಟ್ಟಾರೆ ಶೇ. 10.7. ಸಂಬಳವಿಲ್ಲದೆ ಮನೆಯ ವಯಸ್ಕರ ಆರೈಕೆ ಮಾಡುವವರಲ್ಲಿ ಈ ಪ್ರಮಾಣ ಶೇ. 30.7, ಹದಿನೆಂಟರಿಂದ ಇಪ್ಪತ್ನಾಲ್ಕು ವರ್ಷದವರಲ್ಲಿ ಶೇ. 25.5, ಅತ್ಯವಶ್ಯಕ ಸೇವೆಗಳ ಕೆಲಸಗಾರರಲ್ಲಿ ಶೇ. 21.7. ಅತಿ ಹೆಚ್ಚು ಬಳಲಿದವರು ಆರೈಕೆಯ ಹೊಣೆ ಹೊತ್ತವರು, ಬದುಕು ಕಟ್ಟಿಕೊಳ್ಳುವ ಹೊಸ್ತಿಲಲ್ಲಿದ್ದವರು, ಮನೆಯಲ್ಲಿರುವ ಆಯ್ಕೆಯೇ ಇಲ್ಲದವರು.

ಈ ಚಿತ್ರವನ್ನು ಸರಳಗೊಳಿಸುವ ಅಪಾಯವೂ ಇದೆ. ಹಲವರು ಭಯಪಟ್ಟಂತೆ 2020ರಲ್ಲಿ ಅಮೆರಿಕದ ಒಟ್ಟು ಆತ್ಮಹತ್ಯೆಗಳು ಏರಲಿಲ್ಲ. 2019ರ 47,511ರಿಂದ 45,979ಕ್ಕೆ ಇಳಿದವು. ಆದರೆ ಮಾದಕ ವಸ್ತುಗಳ ಅತಿಸೇವನೆಯಿಂದ ಸತ್ತವರ ಸಂಖ್ಯೆ 70,630ರಿಂದ 91,799ಕ್ಕೆ ಜಿಗಿಯಿತು. ಸಂಕಟ ಒಂದೇ ದಾರಿಯಲ್ಲಿ ಹರಿಯುವುದಿಲ್ಲ. ಒಂದು ಅಂಕಿ ಇಳಿದದ್ದನ್ನು ಕಂಡು ಎಲ್ಲರೂ ಕ್ಷೇಮವೆಂದು ತಿಳಿಯುವುದು ತಪ್ಪು.

ದೂರವಿರಲು ಮೊದಲು ಜಾಗ ಬೇಕು. ಪೂರ್ವ ಲಾಸ್ ಏಂಜಲೀಸಿನ ಇಕ್ಕಟ್ಟಾದ ಮನೆಗಳಲ್ಲಿ ಹಲವು ಕುಟುಂಬಗಳು ಒಟ್ಟಿಗೆ ಬದುಕುತ್ತಿದ್ದವು. ಅಲ್ಲಿಯ ಲ್ಯಾಟಿನೋ ಕಾರ್ಮಿಕರು ಮಾಂಸ ಸಂಸ್ಕರಣಾ ಘಟಕಗಳಿಗೆ, ಗೋದಾಮುಗಳಿಗೆ, ಅಡುಗೆಮನೆಗಳಿಗೆ ದಿನವೂ ಹೋಗಬೇಕಿತ್ತು. 2020–21ರ ಚಳಿಗಾಲದಲ್ಲಿ ಲಾಸ್ ಏಂಜಲೀಸ್ ಕೌಂಟಿಯಲ್ಲಿ ಮರಣದ ಪ್ರಮಾಣ ಅತಿ ಹೆಚ್ಚಾಗಿದ್ದದ್ದು ಈ ಸಮುದಾಯದಲ್ಲೇ. ಇನ್ನೊಂದು ತುದಿಯಲ್ಲಿ, ಸ್ಯಾನ್ ಡಿಯಾಗೋ ಕೌಂಟಿಯ ಗಡಿಯ ಬಳಿಯಿರುವ ಓಟೈ ಮೇಸಾ ವಲಸಿಗರ ಬಂಧನ ಕೇಂದ್ರದಲ್ಲಿ ಸೋಂಕು ಹರಡಿ, ಎಲ್ ಸಾಲ್ವಡಾರ್ ಮೂಲದ 57 ವರ್ಷದ ಬಂದಿಯೊಬ್ಬರು 2020ರ ಮೇ 6ರಂದು ಅಸುನೀಗಿದರು. ಅಮೆರಿಕದ ವಲಸೆ ಇಲಾಖೆಯ ವಶದಲ್ಲಿದ್ದವರ ಪೈಕಿ ಕೋವಿಡ್‌ನಿಂದ ಸಂಭವಿಸಿದ ಮೊದಲ ಸಾವು ಅದು. ‘ಎಲ್ಲರೂ ಒಂದೇ ದೋಣಿಯಲ್ಲಿದ್ದೇವೆ’ ಎಂಬ ಆ ಕಾಲದ ಘೋಷಣೆಗೆ ಈ ಎರಡು ಸಂಗತಿಗಳೇ ಉತ್ತರ.

ಕನ್ನಡ ಕುಟುಂಬಗಳ ಸ್ಥಿತಿ ಇವೆರಡಕ್ಕೂ ಭಿನ್ನವಾದದ್ದು. ದಕ್ಷಿಣ ಕ್ಯಾಲಿಫೋರ್ನಿಯಾದ ಬಹುಪಾಲು ಕನ್ನಡಿಗರಿಗೆ ಮನೆಯಿತ್ತು, ಲ್ಯಾಪ್‌ಟಾಪ್ ಇತ್ತು, ತಿಂಗಳ ಸಂಬಳವಿತ್ತು. ಈ ಅನುಕೂಲವನ್ನು ಮರೆಮಾಚಬೇಕಿಲ್ಲ. ಆದರೆ ಅನುಕೂಲದ ಕೆಳಗೆ ಅಭದ್ರತೆಯಿತ್ತು. ಎಚ್-1ಬಿ ವೀಸಾದಲ್ಲಿರುವವರು ಕೆಲಸ ಕಳೆದುಕೊಂಡರೆ ಹೊಸ ಕೆಲಸ ಹುಡುಕಲು ಅಥವಾ ದೇಶ ಬಿಡಲು ಇರುವ ಅವಧಿ 60 ದಿನ. ಭಾರತ 2020ರ ಮಾರ್ಚ್ 23ರಿಂದ ಅಂತರರಾಷ್ಟ್ರೀಯ ವಿಮಾನಗಳನ್ನು ನಿಲ್ಲಿಸಿತು. ಜೂನ್ 22ರ ಅಮೆರಿಕದ ಅಧ್ಯಕ್ಷೀಯ ಘೋಷಣೆ ಹೊಸ ಎಚ್-1ಬಿ, ಎಚ್-4 ವೀಸಾದವರ ಪ್ರವೇಶವನ್ನು ತಡೆಯಿತು. ಮಗಳ ಬಾಣಂತನಕ್ಕೆಂದು ಬಂದ ತಾಯಂದಿರು ವೀಸಾದ ಅವಧಿ ಮುಗಿಯುತ್ತಿದ್ದರೂ ಮರಳಲಾಗದೆ, ಭಾಷೆ ಬಾರದ ನೆರೆಹೊರೆಯ ನಡುವೆ ಅಪಾರ್ಟ್‌ಮೆಂಟಿನ ಕಿಟಕಿಯ ಬಳಿ ದಿನ ಕಳೆದರು. ಊರಿಗೆ ಹೋಗಿದ್ದವರು ಅಲ್ಲೇ ಸಿಕ್ಕಿಕೊಂಡರು. ಒಂದೇ ಕುಟುಂಬ ಎರಡು ಖಂಡಗಳಲ್ಲಿ ಎರಡು ಬೀಗಗಳೊಳಗೆ ಉಳಿಯಿತು.

2021 ಇನ್ನೂ ಕಠಿಣವಾಗಿತ್ತು. ಜನವರಿಯಲ್ಲಿ ಲಾಸ್ ಏಂಜಲೀಸ್ ಪ್ರದೇಶದ ವಾಯುಗುಣಮಟ್ಟ ಪ್ರಾಧಿಕಾರ, ಶವಗಳು ಉಳಿದುಹೋಗುತ್ತಿವೆಯೆಂದು ಶವದಹನದ ಮೇಲಿನ ಮಿತಿಯನ್ನು ತಾತ್ಕಾಲಿಕವಾಗಿ ತೆಗೆಯಿತು. ಮೂರು ತಿಂಗಳ ತರುವಾಯ ಬೆಂಗಳೂರಿನ ಚಿತಾಗಾರಗಳ ಮುಂದೆ ಆಂಬುಲೆನ್ಸ್‌ಗಳು ಸಾಲುಗಟ್ಟಿದವು. ತಾವರೆಕೆರೆ, ಗಿಡ್ಡೇನಹಳ್ಳಿಗಳಲ್ಲಿ ಬಯಲಲ್ಲೇ ಚಿತೆಗಳು ಉರಿದವು. ಮೇ 4ರಿಂದ ಭಾರತದಿಂದ ಬರುವ ಬಹುತೇಕ ವೀಸಾದಾರರ ಪ್ರವೇಶವನ್ನು ಅಮೆರಿಕ ನಿರ್ಬಂಧಿಸಿತು. ತಂದೆ ಐ.ಸಿ.ಯು.ದಲ್ಲಿರುವ ಸುದ್ದಿ ಬಂದಾಗ ಹೊರಡಬೇಕೆ, ಹೊರಟರೆ ಹೆಂಡತಿ ಮಕ್ಕಳ ಬಳಿಗೆ ಹಿಂದಿರುಗಲಾದೀತೆ ಎಂಬ ಲೆಕ್ಕವನ್ನು ಮಕ್ಕಳು ಮಾಡಬೇಕಾಯಿತು. ಹನ್ನೆರಡೂವರೆ ಗಂಟೆಗಳ ಅಂತರದಲ್ಲಿ, ನಡುರಾತ್ರಿಯ ಫೋನಿನ ಪರದೆಯ ಮೇಲೆ ಅಂತ್ಯಕ್ರಿಯೆಯನ್ನು ನೋಡಿ, ಬೆಳಗ್ಗೆ ಒಂಬತ್ತಕ್ಕೆ ಕಚೇರಿಯ ಜೂಮ್ ಸಭೆಗೆ ಕುಳಿತವರು ಎಷ್ಟೋ ಮಂದಿ.

ಇಲ್ಲಿ ಸಂಪ್ರದಾಯದ ಒಂದು ಸಾಮಾಜಿಕ ಉಪಯೋಗವನ್ನು ನೆನೆಯಬೇಕು. ಹದಿಮೂರು ದಿನಗಳ ಕರ್ಮದಲ್ಲಿ ನಂಬಿಕೆ ಇರಲಿ, ಇಲ್ಲದಿರಲಿ, ಆ ದಿನಗಳಲ್ಲಿ ಮನೆ ತುಂಬ ಜನರಿರುತ್ತಾರೆ. ಅಡುಗೆ ಯಾರೋ ಮಾಡುತ್ತಾರೆ, ಸತ್ತವರ ಕಥೆಯನ್ನು ಯಾರೋ ಎತ್ತುತ್ತಾರೆ, ಅಳುವವರ ಪಕ್ಕ ಯಾರೋ ಕೂರುತ್ತಾರೆ. ದುಃಖದ ಭಾರವನ್ನು ಹಲವು ಹೆಗಲುಗಳಿಗೆ ಹಂಚುವ ವ್ಯವಸ್ಥೆ ಅದು. ವಲಸಿಗನಿಗೆ ಅದು ತಪ್ಪಿದಾಗ ಆಚರಣೆಯ ಜೊತೆಗೆ ಆ ಹೆಗಲುಗಳೂ ತಪ್ಪಿದವು. ಬಹಳ ಜನರಲ್ಲಿ ಆ ಶೋಕ ನಿದ್ರೆ ಬಾರದಿರುವುದಾಗಿ, ಎದೆ ಹಿಡಿದಂತಾಗುವುದಾಗಿ, ಕಾರಣವಿಲ್ಲದ ಸಿಟ್ಟಾಗಿ ಉಳಿದುಕೊಂಡಿತು. ಜೊತೆಗೆ ಹೋಗಲಿಲ್ಲವಲ್ಲ ಎಂಬ ಅಪರಾಧಪ್ರಜ್ಞೆ. ಕೇಳಿದವರಿಗೆ ಅವರು ಕೊಟ್ಟ ಉತ್ತರ ‘ಸ್ವಲ್ಪ ಟೆನ್ಷನ್, ಅಷ್ಟೆ’.

ಚಿಕಿತ್ಸೆಯ ದಾರಿಯಲ್ಲೂ ಭಾಷೆಯ ಅಡ್ಡಗೋಡೆಯಿತ್ತು. ಲಾಸ್ ಏಂಜಲೀಸ್ ಕೌಂಟಿಯ ಮಾನಸಿಕ ಆರೋಗ್ಯ ಇಲಾಖೆ ಇಂಗ್ಲಿಷಿನ ಜೊತೆಗೆ ಸ್ಪ್ಯಾನಿಷ್, ಅರ್ಮೇನಿಯನ್, ಕೊರಿಯನ್, ಫಾರ್ಸಿ ಮುಂತಾದ ಭಾಷೆಗಳನ್ನು ತನ್ನ ಸೇವೆಯ ಪ್ರಮುಖ ಭಾಷೆಗಳೆಂದು ಗುರುತಿಸಿದೆ. ಕನ್ನಡ ಆ ಪಟ್ಟಿಯಲ್ಲಿಲ್ಲ. ಸಂಖ್ಯೆ ಕಡಿಮೆಯಿರುವ ಸಮುದಾಯಕ್ಕೆ ಇದು ಅನಿರೀಕ್ಷಿತವಲ್ಲ. ಇಂಗ್ಲಿಷಿನಲ್ಲಿ ಕಚೇರಿ ನಡೆಸಬಲ್ಲವರೂ ತಾಯಿಯ ಸಾವನ್ನು ಇಂಗ್ಲಿಷಿನಲ್ಲಿ ವಿವರಿಸಲು ತಡವರಿಸುತ್ತಾರೆ. ಹಾಗಾಗಿ ಈ ಕೊರತೆಯನ್ನು ತುಂಬಬೇಕಾದವರು ಕನ್ನಡಿಗರೇ.

ಒಂಟಿತನವನ್ನು ಅಮೆರಿಕದ ಸಾರ್ವಜನಿಕ ಆರೋಗ್ಯದ ಪ್ರಶ್ನೆಯಾಗಿ ಮುಂದಿಟ್ಟವರು ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಕುಟುಂಬದ ವಿವೇಕ್ ಮೂರ್ತಿ. ಅವರ ‘ಟುಗೆದರ್’ ಎಂಬ ಪುಸ್ತಕ ಪ್ರಕಟವಾದದ್ದು 2020ರ ಏಪ್ರಿಲ್‌ನಲ್ಲಿ, ಜಗತ್ತು ಬಾಗಿಲು ಹಾಕಿಕೊಂಡಿದ್ದಾಗ. ಸರ್ಜನ್ ಜನರಲ್ ಆಗಿ ಅವರು 2023ರ ಮೇ ತಿಂಗಳಲ್ಲಿ ಹೊರಡಿಸಿದ ಸಲಹಾಪತ್ರ, ಸಾಮಾಜಿಕ ಸಂಬಂಧಗಳ ಕೊರತೆ ಅಕಾಲ ಮರಣದ ಸಂಭವವನ್ನು ದಿನಕ್ಕೆ 15 ಸಿಗರೇಟು ಸೇದುವಷ್ಟೇ ಹೆಚ್ಚಿಸಬಲ್ಲದೆಂದು ಎಚ್ಚರಿಸಿತು. ಜನ ಸೇರುವ ಉದ್ಯಾನ, ಗ್ರಂಥಾಲಯ, ಸಾರಿಗೆಗಳನ್ನು ಬಲಪಡಿಸುವುದೂ ಸಂಬಂಧಗಳಿಗೆ ಅನುಕೂಲವಾದ ನೀತಿಗಳನ್ನು ರೂಪಿಸುವುದೂ ಅದರ ಶಿಫಾರಸುಗಳಲ್ಲಿದ್ದವು. ಸುದ್ದಿಯಾದದ್ದು ಮಾತ್ರ ಸಿಗರೇಟಿನ ಹೋಲಿಕೆ. ‘ಗೆಳೆಯರಿಗೆ ಫೋನ್ ಮಾಡಿ’ ಎಂಬ ಸಲಹೆ ಒಳ್ಳೆಯದೇ. ಆದರೆ ಎರಡು ಪಾಳಿ ದುಡಿಯುವವನಿಗೆ ಬಿಡುವನ್ನೂ ಬಂಧನದಲ್ಲಿರುವವನಿಗೆ ಬಿಡುಗಡೆಯನ್ನೂ ಅದು ಕೊಡಲಾರದು. ವೀಸಾದ ಭಯದಲ್ಲಿರುವವನಿಗೂ ಅದರಿಂದ ಅಭಯ ಸಿಗದು.

ಹಾಗಾದರೆ ಕನ್ನಡ ಸಂಘಗಳು ಮಾಡಬಹುದಾದದ್ದೇನು? ಯುಗಾದಿ, ರಾಜ್ಯೋತ್ಸವಗಳ ವೇದಿಕೆಯಾಗಿರುವ ಸಂಘ, ಒಂಟಿಯಾಗಿರುವ ಹಿರಿಯರು, ಹೊಸದಾಗಿ ಬಂದ ವಿದ್ಯಾರ್ಥಿಗಳು, ಎಚ್-4 ವೀಸಾದಲ್ಲಿ ಮನೆಯೊಳಗಿರುವ ಹೆಂಗಸರು, ಕೆಲಸ ಕಳೆದುಕೊಂಡವರು ಯಾರೆಂದು ಅರಿತಿರಬೇಕು. ವಾರಕ್ಕೊಮ್ಮೆಯಾದರೂ ಅವರನ್ನು ಮಾತಾಡಿಸುವ ಸ್ವಯಂಸೇವಕರಿರಬೇಕು. ಕನ್ನಡ ಬಲ್ಲ ಮನೋವೈದ್ಯರು, ಆಪ್ತಸಲಹೆಗಾರರು ಮತ್ತು ದುಭಾಷಿಗಳ ಪಟ್ಟಿಯೊಂದು ಸದಾ ಸಿದ್ಧವಿರಬೇಕು. ಅಮೆರಿಕದಲ್ಲಿ 2022ರ ಜುಲೈನಿಂದ 988 ಎಂಬ ಸಂಖ್ಯೆಗೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದೆಂಬುದೂ, ಊರಲ್ಲಿರುವ ಹೆತ್ತವರಿಗೆ ಟೆಲಿ ಮಾನಸ್‌ನ 14416 ಸಂಖ್ಯೆಯಲ್ಲಿ ಕನ್ನಡದಲ್ಲೇ ನೆರವು ದೊರೆಯುತ್ತದೆಂಬುದೂ ಪ್ರತಿ ಮನೆಗೂ ಗೊತ್ತಿರಬೇಕು. ಅಂತೆಯೇ ವೀಸಾದ ನ್ಯಾಯ, ಬಂದಿಗಳ ಆರೋಗ್ಯ, ಕಾರ್ಮಿಕರ ಸಂಬಳದ ರಜೆ ಇವುಗಳಿಗಾಗಿ ನಡೆಯುವ ಹೋರಾಟಗಳಲ್ಲಿ ಕನ್ನಡದ ದನಿಯೂ ಸೇರಬೇಕು. ಅವೂ ಮಾನಸಿಕ ಆರೋಗ್ಯದ ಕೆಲಸಗಳೇ.

ಲಾಸ್ ಏಂಜಲೀಸಿನ ಆ ಮೂರು ಪ್ರಶ್ನೆಗಳನ್ನು ಸಮೀಕ್ಷೆಗಷ್ಟೇ ಬಿಡಬೇಕಾಗಿಲ್ಲ. ಜೊತೆಗಾರರಿದ್ದಾರೆಯೇ, ಹೊರಗಿಟ್ಟಂತೆ ಅನಿಸುತ್ತದೆಯೇ, ದೂರವಾದಂತೆ ಅನಿಸುತ್ತದೆಯೇ ಎಂದು ಪಕ್ಕದ ಮನೆಯವರನ್ನು ಕೇಳಿ, ಉತ್ತರ ಬರುವವರೆಗೆ ಕಾದು ಕುಳಿತುಕೊಳ್ಳುವಷ್ಟು ವ್ಯವಧಾನ ಸಾಕು. ಮುಂದಿನ ಬಾರಿ ಬಾಗಿಲು ಮುಚ್ಚಬೇಕಾಗಿ ಬಂದರೂ ಒಳಗಿರುವವರು ಯಾರೆಂದು ಹೊರಗಿನವರಿಗೆ ಆಗ ತಿಳಿದಿರುತ್ತದೆ.