ಕೆಳಗೂ ಮಣ್ಣೇ ಇದೆಯಲ್ಲ!

(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಐವತ್ತು ವರ್ಷದ ಸಂಭ್ರಮದಲ್ಲಿ ಶಾಲೆಯ ನೆನಪು ಹೇಳುವುದು ಬಿಟ್ಟು ಇವನು ಮಣ್ಣಿನ ವಿಷಯ ಯಾಕೆ ತೆಗೆದ ಎಂದು ಕೆಲವರಿಗೆ ಅನಿಸಬಹುದು. ನಾನು ಕೃಷಿ ಇಲಾಖೆಯಲ್ಲಿ ಮಣ್ಣು ಪರೀಕ್ಷೆಯ ಕೆಲಸ ಮಾಡಿ ನಿವೃತ್ತನಾದವನು. ನನಗೆ ಗೊತ್ತಿರುವುದು ಅದೊಂದೇ. ಅದನ್ನೇ ನಾಲ್ಕು ಮಾತಿನಲ್ಲಿ ಹೇಳಿ ಶಾಲೆಯ ಋಣ ಸ್ವಲ್ಪ ತೀರಿಸೋಣ ಎಂದುಕೊಂಡಿದ್ದೇನೆ.

ವಡಗಾವಿ ಎಂದರೆ ಹೊರಗಿನವರಿಗೆ ಮಗ್ಗದ ಸದ್ದು ಮತ್ತು ಸೀರೆ ನೆನಪಾಗುತ್ತವೆ. ಆದರೆ ನಮ್ಮೂರಿಗೆ ಹೊಲದ ಮುಖವೂ ಇದೆ. ವಡಗಾವಿ, ಶಹಾಪುರ, ಅನಗೋಳ, ಯಳ್ಳೂರ ಶಿವಾರದ ಬಾಸುಮತಿ ಭತ್ತ ಒಂದು ಕಾಲಕ್ಕೆ ಎಷ್ಟು ಹೆಸರಾಗಿತ್ತು ಎಂಬುದು ಇಲ್ಲಿರುವ ಹಿರಿಯರಿಗೆ ಗೊತ್ತು. ಭತ್ತ ಕೊಯ್ದ ಮೇಲೆ ಅದೇ ನೆಲದಲ್ಲಿ ಉಳಿದ ಪಸೆಯ ಮೇಲೆ ಕಡಲೆ, ಮಸೂರ ಬೆಳೆಯುತ್ತಿದ್ದೆವು. ಮೇಲಿಂದ ಒಂದು ಹನಿ ನೀರು ಕೊಡದೆ ಒಂದು ಬೆಳೆ ಕೈಗೆ ಬರುತ್ತಿತ್ತು ಎಂದರೆ ಅದು ಮಣ್ಣಿನ ಗುಣ.

ಈಗ ನಮ್ಮ ಮನೆಯ ಒಂದು ತಪ್ಪಿನ ಕಥೆ ಹೇಳುತ್ತೇನೆ. ಯಳ್ಳೂರ ರಸ್ತೆಯ ಕಡೆ ನಮ್ಮದೊಂದು ಎಕರೆ ಹೊಲ ಇತ್ತು. ಅಕ್ಕನ ಮದುವೆಗೆ ದುಡ್ಡು ಬೇಕಾಯಿತು. ಇಟ್ಟಂಗಿ ಭಟ್ಟಿಯವರು ಬಂದು ಮೇಲಿನ ಒಂದು ಅಡಿ ಮಣ್ಣು ಕೇಳಿದರು. ಅವ್ವ ಬೇಡ ಎಂದಳು. ಅಪ್ಪ ಹೇಳಿದ: “ಒಂದು ಅಡಿ ಹೋದರೇನಾತು? ಹೊಲ ಮಾರಾಕತ್ತಿಲ್ಲಲ್ಲ. ಕೆಳಗೂ ಮಣ್ಣೇ ಐತಿ.” ಮದುವೆ ಚೆನ್ನಾಗಿಯೇ ಆಯಿತು. ಮುಂದಿನ ಮಳೆಗಾಲದಲ್ಲಿ ಹೊಲದಲ್ಲಿ ನೀರು ಕಟ್ಟಿ ನಿಂತಿತು. ಬಿಸಿಲು ಬಿದ್ದಾಗ ಮೇಲೆ ಹಪ್ಪಳದಂತೆ ಗಟ್ಟಿ ಪದರು ಕಟ್ಟಿತು. ಮೊಳಕೆಗಳು ಅದನ್ನು ಒಡೆದು ಬರಲಾರದೆ ಒಳಗೇ ಕೊಳೆತವು. ಎದ್ದ ಸಸಿಗಳೂ ಹಳದಿಯಾದವು. ಆಮೇಲೆ ಹನ್ನೆರಡು ವರ್ಷ ತಿಪ್ಪೆಗೊಬ್ಬರ ಹೊತ್ತು ಹಾಕಿದೆವು. ಹೊಲ ಸುಧಾರಿಸಿತು, ಆದರೆ ಮೊದಲಿನ ಹಾಗೆ ಆಗಲಿಲ್ಲ.

ಆಗ ನಾನು ಇದೇ ಶಾಲೆಯಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದೆ. ಕೆಳಗೂ ಮಣ್ಣೇ ಇತ್ತಲ್ಲ, ಮತ್ತೆ ಬೆಳೆ ಯಾಕೆ ಬರಲಿಲ್ಲ? ಈ ಪ್ರಶ್ನೆ ಅಂದು ಹೊಕ್ಕದ್ದು, ನನ್ನ ಓದನ್ನೂ ನೌಕರಿಯನ್ನೂ ಅದೇ ನಿರ್ಧರಿಸಿತು. ಅದರ ಉತ್ತರವೇ ಇಂದಿನ ನನ್ನ ಮಾತು.

ಹೊಲದಲ್ಲಿ ಒಬ್ಬ ಮನುಷ್ಯ ಇಳಿದು ನಿಲ್ಲುವಷ್ಟು, ಅಂದರೆ ನಾಲ್ಕು-ಐದು ಅಡಿ ಆಳದ ಗುಂಡಿ ತೆಗೆಯಿರಿ. ಬಿಸಿಲು ಬೀಳುವ ಕಡೆಯ ಗೋಡೆಯನ್ನು ಕುರ್ಚಿಗೆಯಿಂದ ಕೆರೆದು ನೋಡಿ. ಮಣ್ಣು ಒಂದೇ ಸಮ ಇರುವುದಿಲ್ಲ, ಪದರು ಪದರಾಗಿ ಇರುತ್ತದೆ. ನಮ್ಮ ಕಡೆಯ ಒಂದು ಒಳ್ಳೆಯ ಮಸಾರಿ ಹೊಲದಲ್ಲಿ ಏನು ಕಾಣುತ್ತದೆ ಎಂದು ಹೇಳುತ್ತೇನೆ.

ಎಲ್ಲಕ್ಕಿಂತ ಮೇಲೆ ಆರರಿಂದ ಹತ್ತು ಅಂಗುಲ ಮೇಲ್ಮಣ್ಣು. ಬಣ್ಣ ಕಪ್ಪು ಮಿಶ್ರಿತ ಕಂದು. ಹಿಡಿದರೆ ರವೆ ಉಂಡೆಯಂತೆ ಉದುರುತ್ತದೆ. ಬೇರು, ಎರೆಹುಳು, ಕೊಳೆತ ಎಲೆ, ಸಗಣಿಯ ಸಾರ ಎಲ್ಲ ಇಲ್ಲಿಯೇ. ಕಣ್ಣಿಗೆ ಕಾಣದ ಕೋಟ್ಯಂತರ ಜೀವಿಗಳ ಊರು ಇದು. ಈ ಹರಳು ಹರಳಾದ ಕಟ್ಟಣೆಯಿಂದಲೇ ನೀರು ಒಳಗಿಳಿಯುತ್ತದೆ, ಗಾಳಿ ಆಡುತ್ತದೆ. ಚೆನ್ನಾದ ಮೇಲ್ಮಣ್ಣಿನ ಗಾತ್ರದಲ್ಲಿ ಸರಿಸುಮಾರು ಅರ್ಧ ಭಾಗ ಮಾತ್ರ ಗಟ್ಟಿ ವಸ್ತು, ಇನ್ನರ್ಧ ನೀರು ಮತ್ತು ಗಾಳಿ ಇರುವ ಸಂದು. ನಾವು ನಡೆಯುವ ನೆಲದ ಅರ್ಧ ಬರೀ ಸಂದು ಎಂದರೆ ಮಕ್ಕಳಿಗೆ ನಗು ಬರಬಹುದು, ಆದರೆ ಬೇರು ಬದುಕುವುದು ಆ ಸಂದಿನಲ್ಲಿ.

ಅದರ ಕೆಳಗೆ ಎರಡು-ಮೂರು ಅಡಿ ಒಳಮಣ್ಣು. ಬಣ್ಣ ಹೆಚ್ಚು ಕೆಂಪು, ಯಾಕೆಂದರೆ ಇಲ್ಲಿ ಕಬ್ಬಿಣದ ಅಂಶ ಗಾಳಿಯೊಡನೆ ಕೂಡಿ ತುಕ್ಕಾಗಿ ನಿಂತಿದೆ. ಮೇಲಿನಿಂದ ಮಳೆನೀರಿನ ಜೊತೆ ಇಳಿದ ನುಣುಪು ಜೇಡಿ ಸಾವಿರಾರು ವರ್ಷ ಇಲ್ಲಿ ಬಂದು ಸೇರಿದೆ. ಹೀಗಾಗಿ ಒಳಮಣ್ಣು ಜಿಗಟು. ಇದು ನೀರಿನ ಉಗ್ರಾಣ. ಆಳದ ಬೇರು ಬೇಸಿಗೆಯಲ್ಲಿ ಇಲ್ಲಿಂದಲೇ ಕುಡಿಯುತ್ತದೆ. ಆದರೆ ಸಾವಯವ ಅಂಶ ಕಡಿಮೆ, ಜೀವಿಗಳು ಕಡಿಮೆ, ರಂಜಕ, ಸತುವು ಬೆಳೆಗೆ ಸುಲಭವಾಗಿ ಸಿಗುವುದೂ ಕಡಿಮೆ.

ಇನ್ನೂ ಕೆಳಗೆ ಗರಸು, ಅರೆಬರೆ ಕರಗಿದ ಕಲ್ಲು. ಅದರ ಕೆಳಗೆ ಬಂಡೆ. ನಮ್ಮ ಬೆಳಗಾವಿಯ ಅಡಿಯ ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಜ್ವಾಲಾಮುಖಿ ಉಕ್ಕಿ ಹರಿದು ಹೆಪ್ಪುಗಟ್ಟಿದ್ದು. ಮಳೆ, ಬಿಸಿಲು, ಬೇರು, ಹುಳು ಸೇರಿ ಆ ಕಲ್ಲನ್ನು ಅರೆದು ಮಣ್ಣು ಮಾಡಿವೆ. ಒಂದು ಅಂಗುಲ ಮೇಲ್ಮಣ್ಣು ಆಗಲು ನೂರಾರು ವರ್ಷ ಬೇಕು.

ಈಗ ನಮ್ಮ ಅಪ್ಪನ ಮಾತಿಗೆ ಉತ್ತರ ಸಿಕ್ಕಿತು. ಕೆಳಗೂ ಮಣ್ಣೇ ಇತ್ತು, ಆದರೆ ಅದು ಉಗ್ರಾಣದ ಮಣ್ಣು, ಅಡುಗೆಮನೆಯ ಮಣ್ಣಲ್ಲ. ನಾವು ಅಡುಗೆಮನೆಯನ್ನು ಮಾರಿ ಉಗ್ರಾಣದಲ್ಲಿ ಒಲೆ ಹೂಡಲು ಹೋಗಿದ್ದೆವು. ಜಿಗಟು ಒಳಮಣ್ಣು ನೇರವಾಗಿ ಮಳೆಯ ಹೊಡೆತಕ್ಕೆ ಸಿಕ್ಕಿ ಸಂದು ಮುಚ್ಚಿಕೊಂಡಿತು, ನೀರು ಇಳಿಯಲಿಲ್ಲ.

ಮೇಲ್ಮಣ್ಣಷ್ಟೇ ಇದ್ದರೆ ಸಾಲದು, ಆಳವೂ ಬೇಕು. ಮಣ್ಣು ಸಮೀಕ್ಷೆಯವರು ಒಂದು ಮೀಟರಿಗಿಂತ ಹೆಚ್ಚು, ಅಂದರೆ ಮೂರೂಕಾಲು ಅಡಿಗಿಂತ ಹೆಚ್ಚು ಇದ್ದರೆ ಅದನ್ನು ಆಳದ ಮಣ್ಣು ಎನ್ನುತ್ತಾರೆ. ಆಳದ ಬೆಲೆಯನ್ನು ಲೆಕ್ಕ ಹಾಕಿ ನೋಡೋಣ. ಹದವಾದ ಮಣ್ಣಿನ ಒಂದು ಅಡಿ ಆಳದಲ್ಲಿ ಬೆಳೆಗೆ ದಕ್ಕುವ ನೀರು ಸುಮಾರು 50 ಮಿ.ಮೀ. ಒಂದು ಎಕರೆಗೆ ಅದು 2 ಲಕ್ಷ ಲೀಟರ್ ಆಗುತ್ತದೆ. 5,000 ಲೀಟರಿನ ಟ್ಯಾಂಕರಿನಲ್ಲಿ ತರಿಸಿದರೆ 40 ಟ್ಯಾಂಕರ್! ಬೆಳೆ ದಿನಕ್ಕೆ 5 ಮಿ.ಮೀ. ಕುಡಿಯುತ್ತದೆ ಎಂದಿಟ್ಟುಕೊಳ್ಳಿ. ಒಂದು ಅಡಿ ಮಣ್ಣಿದ್ದರೆ ಮಳೆ ನಿಂತ ಹತ್ತು ದಿನಕ್ಕೆ ನೀರು ಮುಗಿಯಿತು. ನಾಲ್ಕು ಅಡಿ ಇದ್ದರೆ ಲೆಕ್ಕಕ್ಕೆ ನಲವತ್ತು ದಿನ. ಕೊನೆಯ ಹನಿಯವರೆಗೂ ಬೇರಿಗೆ ಎಳೆಯಲಾಗುವುದಿಲ್ಲ, ಹಾಗಾಗಿ ಕೆಲವು ದಿನ ಕಡಿಮೆ ಹಿಡಿಯಿರಿ. ಆದರೂ ಮಳೆ ತಡವಾದ ವರ್ಷ ಒಬ್ಬನ ಹೊಲ ಒಣಗಿ ಪಕ್ಕದವನ ಹೊಲ ಹಸಿರಾಗಿರುವ ಗುಟ್ಟು ಹೆಚ್ಚಾಗಿ ಇದೇ. ನಾವು ಅದನ್ನು ಅವನ ದೈವ ಎನ್ನುತ್ತೇವೆ. ಗುಂಡಿ ತೆಗೆದರೆ ದೈವ ಎಷ್ಟು ಅಡಿ ಇದೆ ಎಂದು ಅಳೆಯಬಹುದು.

ಎರಡನೆಯ ಗುಣ, ನೀರು ಬಸಿಯುವುದು. ನೀರು ಹಿಡಿಯಬೇಕು ಮತ್ತು ಹೆಚ್ಚಾದದ್ದನ್ನು ಬಿಡಬೇಕು, ಎರಡೂ ಬೇಕು. ನಮ್ಮ ಊರಿಗೆ ವರ್ಷಕ್ಕೆ ಸುಮಾರು 1,300 ಮಿ.ಮೀ. ಮಳೆ, ಖಾನಾಪುರದ ಕಡೆ ಇನ್ನೂ ಹೆಚ್ಚು. ಮಂಗಾಯಿ ದೇವಿ ಜಾತ್ರೆಯ ಹೊತ್ತಿನ ಮಳೆಯಲ್ಲಿ ಹೊಲ ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. ಭತ್ತ ನಿಂತ ನೀರನ್ನು ತಾಳುತ್ತದೆ. ಬಟಾಟೆ, ಗೆಣಸು, ಗಜ್ಜರಿ ತಾಳುವುದಿಲ್ಲ. ಸಂದಿನಲ್ಲೆಲ್ಲ ನೀರು ತುಂಬಿದರೆ ಬೇರಿಗೆ ಉಸಿರು ಕಟ್ಟುತ್ತದೆ.

ಬಸಿಯುವ ಮಣ್ಣನ್ನು ಬಣ್ಣದಿಂದಲೇ ಗುರುತಿಸಬಹುದು. ಗುಂಡಿಯ ಗೋಡೆ ಮೂರು-ನಾಲ್ಕು ಅಡಿಯವರೆಗೆ ಒಂದೇ ಸಮ ಕೆಂಪು ಅಥವಾ ಕಂದು ಇದ್ದರೆ ಗಾಳಿ ಅಲ್ಲಿಯವರೆಗೂ ಆಡುತ್ತಿದೆ ಎಂದರ್ಥ. ಬೂದು ಬಣ್ಣದ ನಡುವೆ ತುಕ್ಕಿನ ಚುಕ್ಕೆ ಕಂಡರೆ ಆ ಆಳದಲ್ಲಿ ವರ್ಷದ ಕೆಲವು ತಿಂಗಳು ನೀರು ನಿಲ್ಲುತ್ತದೆ. ನೀವು ಬೇಸಿಗೆಯಲ್ಲಿ ಗುಂಡಿ ತೆಗೆದರೂ ಮಳೆಗಾಲದ ಸುದ್ದಿಯನ್ನು ಗೋಡೆ ಹೇಳುತ್ತದೆ.

ನಾಲಾ ಕಡೆಯ ತಗ್ಗಿನ ಎರೆ ಮಣ್ಣು ಬೇರೆ ಜಾತಿಯದು. ಅದರ ಜೇಡಿ ಹಸಿಯಾದಾಗ ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಒತ್ತಾಗಿ ನೇಯ್ದ ಬಟ್ಟೆಯ ಹಾಗೆ ನೀರನ್ನು ಬೇಗ ಬಿಡುವುದಿಲ್ಲ. ಹಿಂಗಾರಿಯಲ್ಲಿ ಕಡಲೆಯನ್ನು ಪಸೆಯ ಮೇಲೆ ಬೆಳೆಸುವ ಗುಣವೇ ಮುಂಗಾರಿನಲ್ಲಿ ಅದರ ದೋಷ. ಹಾಗಾಗಿ ಎರೆ ಹೊಲಕ್ಕೆ ಬಸಿಗಾಲುವೆ ಜೀವ. ಬಳ್ಳಾರಿ ನಾಲಾ ತುಂಬಿ ದಡದ ಹೊಲಗಳು ಮುಳುಗುವುದನ್ನು ನೀವೆಲ್ಲ ಕಂಡಿದ್ದೀರಿ. ನೀರು ಹೋಗುವ ದಾರಿಯಲ್ಲಿ ಮನೆ ಕಟ್ಟಿ, ಕಸ ಸುರಿದು, ಆಮೇಲೆ ಮಣ್ಣನ್ನು ಬೈದರೆ ಪ್ರಯೋಜನವಿಲ್ಲ.

ಖಾನಾಪುರದ ಕುಂಬಾರರಿಗೂ ಹಂಚು ಮಾಡುವವರಿಗೂ ಬೇಕಾದದ್ದು ಜಿಗಟು ಮಣ್ಣು. ಅವರಿಗೆ ಅದೇ ಬಂಗಾರ. ನಮಗೆ ಬೇಕಾದದ್ದು ಉದುರುವ, ಉಸಿರಾಡುವ ಮಣ್ಣು. ಯಾವ ಮಣ್ಣೂ ಕೆಟ್ಟದ್ದಲ್ಲ. ಯಾವುದು ಯಾವುದಕ್ಕೆ ಎಂಬ ತಿಳಿವಳಿಕೆ ಬೇಕು ಅಷ್ಟೆ.

2015ರಿಂದ ಸರ್ಕಾರ ಮಣ್ಣು ಆರೋಗ್ಯ ಚೀಟಿ ಕೊಡುತ್ತಿದೆ. ಒಳ್ಳೆಯದು, ಎಲ್ಲರೂ ಮಾಡಿಸಿ. ಸಾವಯವ ಇಂಗಾಲ 0.5ಕ್ಕಿಂತ ಕಡಿಮೆ ಇದ್ದರೆ ಹೊಲ ಹಸಿದಿದೆ ಎಂದು ತಿಳಿಯಿರಿ, 0.75 ದಾಟಿದರೆ ಚೆನ್ನಾಗಿದೆ. ಆದರೆ ಒಂದು ಮಾತು ನೆನಪಿಡಿ. ಆ ಚೀಟಿಗೆ ಮಣ್ಣು ತೆಗೆಯುವುದು ಮೇಲಿನ ಅರ್ಧ ಅಡಿಯಿಂದ. ನನ್ನ ನೌಕರಿಯಲ್ಲಿ ಚೀಟಿಯಲ್ಲಿ ಎಲ್ಲ ಸರಿ ಇದ್ದೂ ಬೆಳೆ ಬಾರದ ಹೊಲಗಳನ್ನು ನೋಡಿದ್ದೇನೆ. ಗುಂಡಿ ತೆಗೆದರೆ ಎಂಟು ಅಂಗುಲದ ಕೆಳಗೆ ಟ್ರ್ಯಾಕ್ಟರಿನ ಭಾರಕ್ಕೆ ಸಿಮೆಂಟಿನಂತಾದ ಪದರು. ಬೇರು ಅಲ್ಲಿ ತಾಗಿ ಅಡ್ಡಕ್ಕೆ ತಿರುಗಿರುತ್ತಿತ್ತು. ಹಸಿ ನೆಲದಲ್ಲಿ ಟ್ರ್ಯಾಕ್ಟರ್ ಹಾಯಿಸಬೇಡಿ ಎಂದು ಅದಕ್ಕೇ ಹೇಳುವುದು.

ಹಾಗಾದರೆ ಏನು ಮಾಡೋಣ? ಹೊಲ ಇರುವವರು ಈ ಬೇಸಿಗೆಯಲ್ಲಿ ಒಂದು ಗುಂಡಿ ತೆಗೆದು ನೋಡಿ, ಮನೆಯ ಮಕ್ಕಳಿಗೂ ತೋರಿಸಿ. ಅದರ ಪಕ್ಕದಲ್ಲೇ ಒಂದು ಅಡಿ ಆಳದ ಸಣ್ಣ ಕುಣಿ ತೋಡಿ ನೀರು ತುಂಬಿಸಿ. ಅದು ಇಂಗಿದ ಮೇಲೆ ಮತ್ತೆ ತುಂಬಿಸಿ ಗಡಿಯಾರ ನೋಡಿ. ಗಂಟೆಗೆ ಒಂದರಿಂದ ಮೂರು ಅಂಗುಲ ಇಳಿದರೆ ಹೊಲ ಚೆನ್ನಾಗಿ ಬಸಿಯುತ್ತದೆ. ಒಂದು ಅಂಗುಲಕ್ಕಿಂತ ಕಡಿಮೆಯಾದರೆ ಬಸಿಗಾಲುವೆ, ಏರುಮಡಿಯ ವಿಚಾರ ಮಾಡಿ. ಇದಕ್ಕೆ ಪೈಸೆ ಖರ್ಚಿಲ್ಲ.

ಹೊಲ ಮಾರಿ ಮನೆ ಕಟ್ಟುವವರನ್ನು ನಾನು ಬೈಯಲಾರೆ, ನಮ್ಮ ಮನೆಯೂ ಒಂದು ಕಾಲದ ಹೊಲದಲ್ಲೇ ನಿಂತಿದೆ. ಹಲಗಾ–ಮಚ್ಛೆ ಬೈಪಾಸ್ ರಸ್ತೆಗೆ ಫಲವತ್ತಾದ ಹೊಲ ಕೊಡಲಾರೆವು ಎಂದು ನಮ್ಮ ರೈತರು ಹೋರಾಡಿದ್ದನ್ನೂ ಕಂಡಿದ್ದೇವೆ. ಊರು ಬೆಳೆಯುತ್ತದೆ. ಆದರೆ ಅಡಿಪಾಯ ತೋಡುವ ಮೊದಲು ಮೇಲಿನ ಹತ್ತು ಅಂಗುಲ ಮಣ್ಣನ್ನು ಬೇರೆ ತೆಗೆದಿಡಿ. ಅದನ್ನು ಕಲ್ಲು-ಗರಸಿನ ಜೊತೆ ಕಲಸಿ ತಗ್ಗು ತುಂಬಬೇಡಿ, ಭಟ್ಟಿಗೂ ಕೊಡಬೇಡಿ. ಯಾರ ಹೊಲಕ್ಕಾದರೂ, ಈ ಶಾಲೆಯ ತೋಟಕ್ಕಾದರೂ ಕೊಡಿ. ಒಂದು ಎಕರೆಯ ಒಂದು ಅಡಿ ಮಣ್ಣು ಸುಮಾರು 1,800 ಟನ್ ತೂಗುತ್ತದೆ. ಅಷ್ಟನ್ನು ಹನ್ನೆರಡು ವರ್ಷದ ತಿಪ್ಪೆಗೊಬ್ಬರ ತುಂಬಿಕೊಡಲಾರದು ಎಂದು ನಮ್ಮ ಅಪ್ಪ ಕೊನೆಗೆ ತಾನೇ ಒಪ್ಪಿಕೊಂಡ.

ಕೊನೆಯದಾಗಿ ಮುಖ್ಯೋಪಾಧ್ಯಾಯರಲ್ಲಿ ಒಂದು ವಿನಂತಿ. ನಾಲ್ಕು ಅಡಿ ಉದ್ದದ ಎರಡು ಕಟ್ಟಿಗೆ ಪೆಟ್ಟಿಗೆಗಳಲ್ಲಿ ನಮ್ಮ ಶಿವಾರದ ಮಸಾರಿ ಮತ್ತು ಎರೆ ಮಣ್ಣನ್ನು ಪದರು ಕೆಡದಂತೆ ಇಳಿಸಿ ವಿಜ್ಞಾನ ಕೊಠಡಿಯಲ್ಲಿ ನಿಲ್ಲಿಸೋಣ. ಪೆಟ್ಟಿಗೆಯ ಖರ್ಚು ನನ್ನದು, ಅಗೆಯುವುದು ನಮ್ಮ ತಂಡದ ಗೆಳೆಯರದು. ಅವರ ಸೊಂಟ ಇನ್ನೂ ಗಟ್ಟಿ ಇದೆ ಎಂದು ನಂಬಿದ್ದೇನೆ. ಶಾಲೆಯ ನೂರನೆಯ ವರ್ಷಕ್ಕೆ ಇಲ್ಲಿ ಕೂರುವ ಮಕ್ಕಳು ಆ ಪೆಟ್ಟಿಗೆ ನೋಡಿ, “ಇದು ನಮ್ಮೂರಲ್ಲಿ ಇತ್ತಂತೆ” ಎನ್ನಬಾರದು. “ಇದು ನಮ್ಮ ಹೊಲದಲ್ಲಿ ಐತಿ” ಎನ್ನಬೇಕು.