ಕಿವಿಯಿಂದ ಬರುವ ನುಡಿಗಟ್ಟು



ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇಂಗ್ಲಿಷಿನ ನುಡಿಗಟ್ಟು ಒಲಿಯದೆಂಬ ಅಳುಕು ನಿಮ್ಮಲ್ಲಿದೆ. ಪಟ್ಟಿಯನ್ನು ಬಾಯಿಪಾಠ ಮಾಡಿದರೆ ಅದು ಯಾರಿಗೂ ಒಲಿಯದು. ‘ರೇನಿಂಗ್ ಕ್ಯಾಟ್ಸ್ ಆ್ಯಂಡ್ ಡಾಗ್ಸ್’ ಎಂದು ಪುಸ್ತಕ ಕಲಿಸುತ್ತದೆ. ಇಂಗ್ಲಿಷರು ದಿನಬಳಕೆಯಲ್ಲಿ ಹೆಚ್ಚಾಗಿ ‘ಇಟ್ಸ್ ಪೋರಿಂಗ್’ ಎನ್ನುತ್ತಾರೆ. ‘ಪೀಸ್ ಆಫ್ ಕೇಕ್’ ಎಂಬಲ್ಲಿ ಕೇಕನ್ನು ಹುಡುಕಬೇಡಿ. ಅದು ನಮ್ಮ ‘ನೀರು ಕುಡಿದಷ್ಟು ಸುಲಭ’. ಆದರೆ ಅದು ಸಲುಗೆಯ ಮಾತು, ಅರ್ಜಿಯಲ್ಲಿ ಸಲ್ಲದು. ಯಾರು, ಯಾರೊಡನೆ, ಯಾವ ಸಂದರ್ಭದಲ್ಲಿ ಆಡಿದರೆಂಬುದನ್ನು ಆಲಿಸಿ, ಇಡಿಯ ವಾಕ್ಯವನ್ನೇ ಕಲಿಯಿರಿ.

ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ ಆಡುವ ಕಾಸರಗೋಡಿನ ಮಕ್ಕಳಿಗೆ ಈ ವಿದ್ಯೆ ಹೊಸದಲ್ಲ. ಒಂದರ ನುಡಿಗಟ್ಟನ್ನು ಇನ್ನೊಂದಕ್ಕೆ ಪದಶಃ ಹೊರಿಸಬಾರದೆಂಬುದನ್ನು ನಿಮ್ಮ ಕಿವಿ ಎಂದೋ ಅರಿತಿದೆ. ಆ ಕಿವಿಯನ್ನೇ ಇಂಗ್ಲಿಷಿಗೂ ತೆರೆಯಿರಿ, ತಪ್ಪಿದರೆ ನಾಚದಿರಿ.